ರೈಲು ನೇರವಾಗಿದ್ದರೂ ಕಟ್ ಯಾಕೆ ಸೊಟ್ಟ? ಮುಳಬಾಗಿಲಿನ ಒಂದು ಮರದಂಗಡಿ, ಮೂರು ಮನೆ ಜಿಗ್‌ಗಳು

ಈ ವಾರದ ಎಪಿಸೋಡ್ ಕೇಳೋಕೆ ಪುರುಸೊತ್ತಿಲ್ಲದವರಿಗೆ, ಬಸ್ ಹತ್ತಿದ ಮೇಲೆ ಇಯರ್‌ಫೋನ್ ಮನೆಯಲ್ಲೇ ಉಳೀತು ಅಂತ ಗೊತ್ತಾದವರಿಗೆ, ಇದು ಅದರ ಬರಹ ರೂಪ. ಈ ಸಲ ಅಳತೆಗಳು ಜಾಸ್ತಿ ಬರ್ತವೆ. ಕೇಳಿದವರೂ ಒಮ್ಮೆ ಓದಿಕೊಂಡರೆ ಒಳ್ಳೇದು.

ಮೊದಲು ತಪ್ಪೊಪ್ಪಿಗೆ. ನಾನು ಓದಿದ್ದು ಬಿ.ಕಾಂ. ಉಳಿ ಹಿಡಿದರೆ ಕೈ ಕುಯ್ದುಕೊಳ್ಳೋ ಜಾತಿ. ಆದರೆ ಮುಳಬಾಗಿಲಿನಲ್ಲಿ ನಮ್ಮ ಸೋದರಮಾವನ ಮರಗೆಲಸದ ಅಂಗಡಿ ಇದೆ. ಕೋಲಾರದಿಂದ ಬಸ್ಸಲ್ಲಿ ಹೋಗಿ, ಇಳಿದ ತಕ್ಷಣ ಒಂದು ದೋಸೆ ತಿಂದು, ಆಮೇಲೆ ಅಂಗಡಿಗೆ ಹೋಗಿ ಕೂರೋದು ನನ್ನ ಹಳೇ ಅಭ್ಯಾಸ. ಹಾಗೆ ಕೂತಿದ್ದಾಗಲೇ ನಾನು ಮಾವನ ತಲೆ ತಿಂದದ್ದು: "ಟ್ರ್ಯಾಕ್ ಸಾ ತಗೊಳ್ಳಿ ಮಾವ, ಕೆಲಸ ಅರ್ಧ ಟೈಮಲ್ಲಿ ಮುಗಿಯುತ್ತೆ." ಎಕ್ಸೆಲ್ ಶೀಟ್ ಮಾಡಿದೆ. ಇಎಂಐ ಎಷ್ಟು, ತಿಂಗಳಿಗೆ ಎಷ್ಟು ಹಲಗೆ ಕುಯ್ದರೆ ಕಾಸು ವಾಪಸ್, ಎಲ್ಲ ತೋರಿಸಿದೆ. ಎರಡು ರೈಲು ಸೇರಿ 40,000 ರೂಪಾಯಿ ದಾಟಿತು. ಮಾವ ಸಹಿ ಹಾಕಿದರು.

ಮೊದಲ ದೊಡ್ಡ ಕೆಲಸ ಶ್ರೀನಿವಾಸಪುರದಿಂದ ಬಂತು. ಮಾವಿನ ತೋಟದವರ ಮನೆ. ಕಾಯಿ ಇಳಿಸೋ ಸೀಸನ್ ಶುರುವಾಗೋ ಮುಂಚೆ ಗೃಹಪ್ರವೇಶ ಆಗಬೇಕು, ಆಮೇಲೆ ಅವರಿಗೆ ಮಂಡಿ ಬಿಟ್ಟು ಬೇರೆ ಲೋಕ ಇರಲ್ಲ. ಏಳು ಅಡಿ ಎತ್ತರದ ವಾರ್ಡ್‌ರೋಬ್, ಎರಡು ಬಾಗಿಲು. ಜೋಡಿಸಿ ನಿಲ್ಲಿಸಿದಾಗ ಬಾಗಿಲು ಎರಡೂ ಮಧ್ಯದಲ್ಲಿ ಒಂದಕ್ಕೊಂದು ತಾಗ್ತಿದ್ದವು, ಮೇಲೂ ಕೆಳಗೂ ನಾಲ್ಕು ಮಿಲಿಮೀಟರ್ ಸಂದು. ಜೊತೆಗೆ ಪೆಟ್ಟಿಗೆಯೇ ಸ್ವಲ್ಪ ಎಡಕ್ಕೆ ವಾಲಿತ್ತು. ಕೋಪ ಬಂದರೆ ಮಾವ ಕನ್ನಡ ಬಿಟ್ಟು ತೆಲುಗಿಗೆ ಹೋಗ್ತಾರೆ, ಗಡಿ ತಾಲ್ಲೂಕಿನವರಿಗೆ ಇದು ಗೊತ್ತಿರುತ್ತೆ. ಆವತ್ತು ಪೂರ್ತಿ ತೆಲುಗೇ. ಮೂರು ಶೀಟ್ ಹಾಳು, ನಾಲ್ಕು ದಿನ ಕೂಲಿ ಕೈಯಿಂದ. "ಮಷಿನ್ ಮಾರಿಬಿಡ್ತೀನಿ, ನಿನ್ನ ಲೆಕ್ಕ ನೀನೇ ಇಟ್ಕೋ" ಅಂದರು.

ಮಷಿನ್ ಕೆಟ್ಟಿರಲಿಲ್ಲ. ಅದು ಗೊತ್ತಾಗೋಕೆ ನನಗೆ ಎರಡು ವಾರ ಹಿಡೀತು.

ಟ್ರ್ಯಾಕ್ ಸಾ ನೋಡದವರಿಗೆ ಎರಡು ಮಾತು. ಕೈಯಲ್ಲಿ ಹಿಡಿಯೋ ಸರ್ಕ್ಯುಲರ್ ಸಾ ಇದೆಯಲ್ಲ, ದುಂಡು ಬ್ಲೇಡಿನ ಗರಗಸ, ಅದನ್ನೇ ಒಂದು ಉದ್ದನೆಯ ಅಲ್ಯೂಮಿನಿಯಂ ಹಳಿಯ ಮೇಲೆ ಕೂರಿಸಿದ ಹಾಗೆ. ಹಳಿಯ ಮೇಲಿನ ಏಣು ಮಷಿನ್ನಿನ ತಳದ ಗಾಡಿಯಲ್ಲಿ ಕೂರುತ್ತೆ, ಮಷಿನ್ ಆಚೆ ಈಚೆ ಹೋಗಲ್ಲ. ಹಳಿಯ ಅಂಚಿಗೆ ಒಂದು ರಬ್ಬರ್ ಪಟ್ಟಿ ಇರುತ್ತೆ. ಮೊದಲ ಸಲ ಓಡಿಸಿದಾಗ ಬ್ಲೇಡ್ ಆ ಪಟ್ಟಿಯನ್ನೇ ಕುಯ್ದುಬಿಡುತ್ತೆ, ಅಲ್ಲಿಂದ ಮುಂದೆ ಪಟ್ಟಿಯ ಅಂಚು ಎಲ್ಲಿದೆಯೋ ಕಟ್ ಅಲ್ಲೇ ಬೀಳುತ್ತೆ. ಪೆನ್ಸಿಲ್ ಗೆರೆ ಮೇಲೆ ಪಟ್ಟಿ ಇಟ್ಟು ಓಡಿಸಿದರೆ ಆಯಿತು. ಇಂಥ ಹಳಿಯನ್ನ 1960ರ ದಶಕದಲ್ಲಿ ಮಾರುಕಟ್ಟೆಗೆ ತಂದದ್ದು ಜರ್ಮನಿಯ ಫೆಸ್ಟೊ ಕಂಪನಿ, ಇವತ್ತಿನ ಫೆಸ್ಟೂಲ್. ಈಗ ಮಕಿಟಾ, ಬಾಷ್ ಎಲ್ಲರ ಹತ್ತಿರಾನೂ ಇದೆ.

ಇಲ್ಲೇ ನಾನು ಎಡವಿದ್ದು. ಹಳಿ ಕೊಡೋದು ನೇರ ಗೆರೆ ಮಾತ್ರ. ಆ ಗೆರೆ ಹಲಗೆಯ ಅಂಚಿಗೆ 90 ಡಿಗ್ರಿಯಲ್ಲಿದೆಯಾ, ಎರಡು ಕಡೆ ಅಳತೆ ಒಂದೇ ಇದೆಯಾ ಅನ್ನೋದು ಅದಕ್ಕೆ ಗೊತ್ತಿಲ್ಲ. ಅದನ್ನ ನಾವು ಹೇಳಿಕೊಡಬೇಕು. ಎರಡು ಹಳಿ ಜೋಡಿಸಿದರೆ ಆ ನೇರ ಗೆರೆಯ ಗ್ಯಾರಂಟಿಯೂ ಹೋಯಿತು.

ಯಾಕೆ ಜೋಡಿಸಬೇಕು? ಪ್ಲೈವುಡ್ ಶೀಟ್ 8x4 ಅಡಿ, ಅಂದರೆ 2440x1220 ಮಿಲಿಮೀಟರ್. ಮಷಿನ್ ಜೊತೆ ಸಾಮಾನ್ಯವಾಗಿ ಬರೋ ಹಳಿ 1400 ಮಿಮೀ. ಅಡ್ಡ ಕುಯ್ಯೋಕೆ ಸಾಕು, ಉದ್ದಕ್ಕೆ ಸಾಲದು. 3000 ಮಿಮೀ ಒಂದೇ ಹಳಿ ಸಿಗುತ್ತೆ, ಆದರೆ ಬೆಲೆ ಒಂದು ಕಡೆ ಇರಲಿ, ಅದನ್ನ ಬೈಕ್ ಮೇಲೆ ಸೈಟಿಗೆ ಹೇಗೆ ತಗೊಂಡು ಹೋಗ್ತೀರ? ಹಾಗಾಗಿ ಎರಡು 1400, ಮಧ್ಯೆ ಕನೆಕ್ಟರ್ ಪಟ್ಟಿ, ಸಣ್ಣ ಸ್ಕ್ರೂಗಳು.

ಮಾವ ಎರಡು ಹಳಿಯ ತುದಿಗಳನ್ನ ಒಂದಕ್ಕೊಂದು ಒತ್ತಿ ಸ್ಕ್ರೂ ಬಿಗಿ ಮಾಡಿದ್ದರು. ಯಾರಾದರೂ ಹಾಗೇ ಮಾಡ್ತಾರೆ. ಆದರೆ ಹಳಿಯ ತುದಿ ಸರಿಯಾಗಿ 90 ಡಿಗ್ರಿಗೆ ಕುಯ್ದಿರಲೇಬೇಕು ಅಂತೇನಿಲ್ಲ. ತುದಿ ಕೂದಲೆಳೆಯಷ್ಟು ಓರೆ ಇದ್ದರೂ, ಒತ್ತಿ ಜೋಡಿಸಿದಾಗ ಎರಡನೇ ಹಳಿ ಆ ಓರೆಗೆ ಬಾಗಿ ನಿಲ್ಲುತ್ತೆ. ಮಧ್ಯದಲ್ಲಿ ಮೊಣಕೈ ಬಂದ ಹಾಗೆ. ಆ ಮೊಣಕೈ ನಮ್ಮ ಎರಡೂ ಬಾಗಿಲಿನ ಅಂಚಿಗೆ ಇಳಿದಿತ್ತು. ಒಂದೊಂದು ಬಾಗಿಲಲ್ಲಿ ಎರಡು ಮಿಮೀ ಉಬ್ಬು, ಎರಡು ಬಾಗಿಲು ಎದುರುಬದುರಾದಾಗ ನಾಲ್ಕು.

ಇದನ್ನ ಕಂಡುಹಿಡಿದದ್ದು ನಾನಲ್ಲ. ಕೋಲಾರದಲ್ಲಿ ನಮ್ಮ ಎದುರುಮನೆ ತಾತ ಕೆಜಿಎಫ್‌ನ ಬಿಇಎಂಎಲ್‌ನಲ್ಲಿ ಫಿಟ್ಟರ್ ಆಗಿದ್ದವರು. ನನ್ನ ಗೋಳು ಕೇಳಿ ಅವರು ಹೇಳಿದ್ದು ಇಷ್ಟೇ: "ಸ್ಕೇಲ್ ಇಟ್ಟು ಸರಿ ಇದೆಯಾ ಅಂತ ನೋಡಬೇಡ. ತಿರುಗಿಸಿ ಇಟ್ಟು ನೋಡು. ತಿರುಗಿಸಿದಾಗ ತಪ್ಪು ಎರಡರಷ್ಟಾಗುತ್ತೆ, ಕಣ್ಣಿಗೆ ಬೀಳುತ್ತೆ." ಈ ಒಂದು ಮಾತನ್ನ ಹಿಡಿದುಕೊಂಡೇ ಉಳಿದ ಕೆಲಸವೆಲ್ಲ ಆಯಿತು.

ಹೇಗೆ ಅಂದರೆ, ಜೋಡಿಸಿದ ಹಳಿಯನ್ನ ಒಂದು ಶೀಟಿನ ಮೇಲೆ ಇಟ್ಟು ಅಲ್ಯೂಮಿನಿಯಂ ಅಂಚಿನ ಉದ್ದಕ್ಕೂ ಚೂಪು ಪೆನ್ಸಿಲಿಂದ ಗೆರೆ ಎಳೀರಿ. ಈಗ ಹಳಿಯನ್ನ ಅಂಗಾತ ಮಾಡದೆ, ಗಡಿಯಾರದ ಮುಳ್ಳಿನ ಹಾಗೆ ಅರ್ಧ ಸುತ್ತು ತಿರುಗಿಸಿ, ಅದೇ ಅಂಚು ಅದೇ ಗೆರೆಯ ಇನ್ನೊಂದು ಮಗ್ಗುಲಿಗೆ ಬರೋ ಹಾಗೆ ಇಡಿ. ಎರಡು ತುದಿ ಗೆರೆಗೆ ಸೇರಿಸಿ ಮತ್ತೆ ಗೆರೆ ಎಳೀರಿ. ಎರಡೂ ಗೆರೆ ಒಂದಾದರೆ ಹಳಿ ನೇರ. ಮಧ್ಯದಲ್ಲಿ ಬಾಳೆಎಲೆ ಆಕಾರ ಕಂಡರೆ, ಅದರ ಅಗಲದ ಅರ್ಧ ನಿಮ್ಮ ತಪ್ಪು. ನಮ್ಮದು ಸುಮಾರು ನಾಲ್ಕು ಮಿಮೀ ಬಾಳೆಎಲೆ. ಮಾವ ಅದನ್ನ ನೋಡಿ ಸುಮ್ಮನಾದರು. ಮಷಿನ್ ಮಾರೋ ಮಾತು ಅವತ್ತಿಗೆ ನಿಂತಿತು.

ಹಾಗಾದರೆ ಮೊದಲ ಜಿಗ್. ಜಿಗ್ ಅಂದರೆ ಬೇರೇನಲ್ಲ, ಕೆಲಸ ಪ್ರತಿ ಸಲ ಒಂದೇ ಥರ ಬರಲಿ ಅಂತ ಮಾಡಿಟ್ಟುಕೊಳ್ಳೋ ಅಚ್ಚು, ಊರುಗೋಲು, ಏನಾದರೂ ಅನ್ನಿ. ಗಾರೆ ಕೆಲಸದವರು ಪ್ಲಾಸ್ಟರ್ ಎಳೆಯೋಕೆ ಬಳಸೋ ಅಲ್ಯೂಮಿನಿಯಂ ಬಾಕ್ಸ್ ಪಟ್ಟಿ ಗೊತ್ತಲ್ಲ? ಆರಡಿಯ ಒಂದನ್ನ ಹಾರ್ಡ್‌ವೇರ್ ಅಂಗಡಿಯಿಂದ ತಂದೆವು. ಅಂಗಡಿಯವರ ಮುಂದೆಯೇ ಮೇಲಿನ ಗೆರೆ ಪರೀಕ್ಷೆ ಮಾಡಿ, ಮೂರು ಪಟ್ಟಿ ಬಿಟ್ಟು ನಾಲ್ಕನೆಯದನ್ನ ತಗೊಂಡೆವು. ಅವರು ನಮ್ಮನ್ನ ನೋಡಿದ ರೀತಿ ಇಲ್ಲಿ ಬೇಡ. ಒಂದು ಉದ್ದನೆ ಪ್ಲೈ ತುಂಡಿನ ಮೇಲೆ ಆ ಪಟ್ಟಿಯನ್ನ ಸ್ಕ್ರೂ ಹಾಕಿ ನಿಲ್ಲಿಸಿದೆವು. ಈಗ ಎರಡು ಹಳಿಯ ಹಿಂಬದಿ, ಅಂದರೆ ರಬ್ಬರ್ ಇಲ್ಲದ ಕಡೆಯ ಅಂಚನ್ನ, ಪಟ್ಟಿಗೆ ಒತ್ತಿ ಕ್ಲ್ಯಾಂಪ್ ಹಾಕಿ, ಆಮೇಲೆ ಕನೆಕ್ಟರ್ ಸ್ಕ್ರೂ ಬಿಗಿ ಮಾಡೋದು. ಎರಡು ಹಳಿಯ ಮಧ್ಯೆ ಒಂದು ಮಿಮೀ ಸಂದು ಬೇಕಂತಲೇ ಬಿಡಬೇಕು, ತುದಿಗೆ ತುದಿ ತಾಗಲೇಬಾರದು. ಆ ಸಂದು ಕಟ್ಟಿಗೆ ಏನೂ ಮಾಡಲ್ಲ. ಮಷಿನ್ನಿನ ತಳ ಉದ್ದ ಇರುತ್ತೆ, ಅದು ಸಂದನ್ನ ದಾಟಿಕೊಂಡು ಹೋಗುತ್ತೆ.

ರಬ್ಬರ್ ಅಂಚಿಗೆ ಒತ್ತಿ ಜೋಡಿಸಬಾರದಾ ಅಂತ ಕೇಳಬಹುದು. ಬೇಡ. ಎರಡು ಹಳಿಯ ರಬ್ಬರ್ ಬೇರೆಬೇರೆ ದಿನ ಕುಯ್ದಿರುತ್ತೆ, ಸವೆತವೂ ಬೇರೆ. ಮೆತ್ತಗಿರೋದನ್ನ ನಂಬಿ ಅಳತೆ ಮಾಡೋಕಾಗಲ್ಲ.

ಇನ್ನು ಅಡ್ಡ ಕಟ್, ಅಂದರೆ ಆ ವಾಲಿದ ಪೆಟ್ಟಿಗೆಯ ಕಥೆ. ನನಗೆ ಇಷ್ಟವಾದ ಭಾಗ ಇದೇ, ಯಾಕಂದ್ರೆ ಇಲ್ಲಿ ಲೆಕ್ಕ ಬರುತ್ತೆ.

12 ಮಿಮೀ ಪ್ಲೈಯಲ್ಲಿ 600x450 ಮಿಮೀ ಮೂಲೆ ತುಂಡು. ಚಿಕ್ಕ ಬದಿಯ ಕೆಳಗೆ ಒಂದು ಪಟ್ಟಿ, ಅದೇ ಫೆನ್ಸ್. ಫೆನ್ಸ್ ಹಲಗೆಯ ಅಂಚಿಗೆ ಒತ್ತಿಕೊಳ್ಳುತ್ತೆ, ಉದ್ದ ಬದಿ ಹಲಗೆಯ ಮೇಲೆ ಚಾಚಿಕೊಳ್ಳುತ್ತೆ. ಹಳಿಯ ಹಿಂಬದಿಯನ್ನ ಆ ಉದ್ದ ಬದಿಗೆ ಸೇರಿಸಿ, ಹಳಿಗೆ ಕ್ಲ್ಯಾಂಪ್ ಹಾಕಿ, ಜಿಗ್ ತೆಗೆದಿಟ್ಟು ಕುಯ್ಯೋದು. ದೊಡ್ಡ ಮೂಲೆಮಟ್ಟ ಅನ್ಕೊಳ್ಳಿ. ಅಂಗಡಿಯ ಮೂಲೆಮಟ್ಟ ಚಿಕ್ಕದು, ಅದರಲ್ಲಿ ಗುರುತು ಮಾಡಿ ನಾಲ್ಕಡಿ ಕುಯ್ದರೆ ಸಣ್ಣ ತಪ್ಪು ದೊಡ್ಡದಾಗಿ ಬೆಳೆದಿರುತ್ತೆ.

ಫೆನ್ಸಿಗೆ ಮೊದಲು ಒಂದೇ ಸ್ಕ್ರೂ, ಮೂಲೆಯ ಹತ್ತಿರ. ಇನ್ನೊಂದು ತುದಿ ಕ್ಲ್ಯಾಂಪಲ್ಲಿ ಇರಲಿ, ಅಲ್ಲಾಡಬೇಕು. ಮೂಲೆಯಿಂದ ಫೆನ್ಸ್ ಮೇಲೆ 450, ಉದ್ದ ಬದಿ ಮೇಲೆ 600 ಗುರುತು ಮಾಡಿ, ಆ ಎರಡು ಗುರುತಿನ ಮಧ್ಯೆ 750 ಬರೋ ಹಾಗೆ ಸರಿಸಿ. ಮನೆ ಪಾಯಕ್ಕೆ ದಾರ ಕಟ್ಟೋವಾಗ ಮೇಸ್ತ್ರಿಗಳು ಹಿಡಿಯೋ 3-4-5 ಲೆಕ್ಕವೇ ಇದು, 150ರಿಂದ ಗುಣಿಸಿದ್ದು, ಅಷ್ಟೇ. ಇದು ಹತ್ತಿರಕ್ಕೆ ತರುತ್ತೆ. ಪೂರ್ತಿ ಸರಿ ಮಾಡಲ್ಲ, ಟೇಪಿನಲ್ಲಿ ಅರ್ಧ ಮಿಮೀ ಓದೋದೇ ಕಷ್ಟ.

ಪೂರ್ತಿ ಸರಿ ಮಾಡೋದು ಐದು ಕಟ್ಟಿನ ಪರೀಕ್ಷೆ. ಸುಮಾರು ಎರಡಡಿ ಚೌಕದ ಒಂದು ವೇಸ್ಟ್ ತುಂಡು ತಗೊಳ್ಳಿ. ಒಂದು ಬದಿ ಕುಯ್ಯಿರಿ. ಆ ಹೊಸ ಅಂಚಿಗೆ ಫೆನ್ಸ್ ಒತ್ತಿ ಪಕ್ಕದ ಬದಿ ಕುಯ್ಯಿರಿ. ಮತ್ತೆ ಆ ಹೊಸ ಅಂಚಿಗೆ ಒತ್ತಿ ಅದರ ಪಕ್ಕದ್ದು. ಹೀಗೆ ಒಂದೇ ದಿಕ್ಕಿಗೆ ಸುತ್ತಿ ಬಂದು, ಐದನೇ ಸಲ ಮೊದಲ ಬದಿಯನ್ನೇ ಮತ್ತೆ ಕುಯ್ದು, ಎರಡು ಬೆರಳಗಲದ ಪಟ್ಟಿ ಬೀಳೋ ಹಾಗೆ ಮಾಡಿ. ಆ ಪಟ್ಟಿಯ ಎರಡು ತುದಿಯ ಅಗಲವನ್ನ ವರ್ನಿಯರ್‌ನಲ್ಲಿ ಅಳೀರಿ.

ಚೌಕದ ನಾಲ್ಕು ಮೂಲೆ ಕೂಡಿದರೆ ಯಾವಾಗಲೂ 360 ಡಿಗ್ರಿ. ನಿಮ್ಮ ಜಿಗ್ 90ಕ್ಕಿಂತ ಒಂದು ಚೂರು ಜಾಸ್ತಿ ಇದ್ದರೆ, ಜಿಗ್ ಮಾಡಿದ ಮೂರು ಮೂಲೆಯಲ್ಲೂ ಆ ಚೂರು ಸೇರುತ್ತೆ. ನಾಲ್ಕನೇ ಮೂಲೆ ಮೂರು ಚೂರು ಸಾಲ ಹೊತ್ತುಕೊಂಡು ಅಷ್ಟು ಕಡಿಮೆ ಆಗಿರುತ್ತೆ. ಐದನೇ ಕಟ್ ಅದೇ ಮೂಲೆಯನ್ನ ಮತ್ತೆ ಒಂದು ಚೂರು ಜಾಸ್ತಿ ಮಾಡಿ ಕುಯ್ಯುತ್ತೆ. ಕಡಿಮೆ ಮೂರು, ಜಾಸ್ತಿ ಒಂದು, ವ್ಯತ್ಯಾಸ ನಾಲ್ಕು. ತಾತ ಹೇಳಿದ ಎರಡರಷ್ಟು ಇಲ್ಲಿ ನಾಲ್ಕರಷ್ಟಾಯಿತು. ಅಕೌಂಟ್ಸ್ ಓದಿದವರಿಗೆ ಇದು ಟ್ರಯಲ್ ಬ್ಯಾಲೆನ್ಸ್ ಥರ ಕಾಣಬೇಕು: ಎಲ್ಲೋ ಮುಚ್ಚಿಟ್ಟ ತಪ್ಪು ಕೊನೇ ಸಾಲಲ್ಲಿ ಬಂದು ನಿಲ್ಲುತ್ತೆ.

ನಮ್ಮ ಪಟ್ಟಿ ಒಂದು ತುದಿಯಲ್ಲಿ 20.0, ಇನ್ನೊಂದರಲ್ಲಿ 21.2 ಬಂತು. ವ್ಯತ್ಯಾಸ 1.2. ನಾಲ್ಕರಿಂದ ಭಾಗಿಸಿದರೆ 0.3. ಅಂದರೆ 600 ಮಿಮೀ ಉದ್ದಕ್ಕೆ 0.3 ಮಿಮೀ ಸೊಟ್ಟ, ಪೂರ್ತಿ ಶೀಟಿನ ಅಗಲ 1220ಕ್ಕೆ 0.6. ವಾರ್ಡ್‌ರೋಬಿಗೆ ಪರವಾಗಿಲ್ಲ ಅಂತಾರೆ ಮಾವ. "ಎಂಟನೇ ಒಂದು ಇಂಚಿಗೆ ನಾವು ನೂಲು ಅಂತೀವಿ, ಇದು ನೂಲಲ್ಲ, ನೂಲಿನ ಎಳೆ." ಆದರೂ ಸರಿ ಮಾಡಿದೆವು, ಕಾಗದದಿಂದ. ಫೆನ್ಸ್ 450 ಮಿಮೀ ಉದ್ದ, ಹಾಗಾಗಿ ಅದರ ತುದಿ ಸರಿಯಬೇಕಾದ್ದು 0.3ರ ಮುಕ್ಕಾಲು ಭಾಗ, 0.22 ಮಿಮೀ. ಜೆರಾಕ್ಸ್ ಎ4 ಹಾಳೆ ಸುಮಾರು 0.1 ಮಿಮೀ ದಪ್ಪ. ಫೆನ್ಸ್ ಸರಿಯದ ಹಾಗೆ ಅದರ ಹಿಂದೆ ಒಂದು ಮರದ ತುಂಡು ನಿಲ್ಲಿಸಿ, ಮಧ್ಯೆ ಎರಡು ಚೂರು ಹಾಳೆ ಇಟ್ಟು ಒತ್ತಿ ಮತ್ತೆ ಕ್ಲ್ಯಾಂಪ್. ಯಾವ ಕಡೆಗೆ ಸರಿಸಬೇಕು ಅಂತ ತಲೆ ಕೆಡಿಸಿಕೊಳ್ಳಬೇಡಿ. ಒಂದು ಕಡೆ ಸರಿಸಿ ಪರೀಕ್ಷೆ ಮತ್ತೆ ಮಾಡಿ, ವ್ಯತ್ಯಾಸ ಜಾಸ್ತಿಯಾದರೆ ಇನ್ನೊಂದು ಕಡೆ. ನಾವು ಮೊದಲ ಸಲ ತಪ್ಪು ಕಡೆಗೇ ಸರಿಸಿದ್ದು. ಎರಡನೇ ಸಲ ವ್ಯತ್ಯಾಸ 0.2ಕ್ಕೆ ಇಳೀತು, ಅಂದರೆ ನಿಜವಾದ ತಪ್ಪು 0.05. ಅಲ್ಲಿಗೆ ನಿಲ್ಲಿಸಿ ಇನ್ನೆರಡು ಸ್ಕ್ರೂ ಹೊಡೆದೆವು.

ಒಂದು ಸಣ್ಣ ವಿಷಯ, ಆದರೆ ಇದನ್ನ ಬಿಟ್ಟರೆ ಮೇಲಿನದೆಲ್ಲ ದಂಡ. ಫೆನ್ಸಿನ ಒಳಬದಿಯ ಮೇಲಂಚನ್ನ ಸ್ವಲ್ಪ ಓರೆಯಾಗಿ ಉಜ್ಜಿ. ಮೂಲೆಯಲ್ಲಿ ಮರದ ಪುಡಿ ಕೂತರೆ ಫೆನ್ಸ್ ಹಲಗೆಗೆ ಪೂರ್ತಿ ತಾಗಲ್ಲ. ಓರೆ ಮಾಡಿದ ಜಾಗದಲ್ಲಿ ಪುಡಿ ಕೂತುಕೊಳ್ಳಲಿ, ಅಳತೆಗೆ ಅಡ್ಡ ಬರಲ್ಲ.

ಕರ್ಣ ಅಳೆದರೆ ಸಾಕಲ್ಲ, ಇಷ್ಟೆಲ್ಲ ಯಾಕೆ ಅಂತ ಮಾವನ ಅಂಗಡಿಯ ಹುಡುಗ ಕೇಳಿದ. ಎರಡು ಕರ್ಣ ಸಮ ಬಂದರೆ ಚೌಕ ಸರಿ ಅನ್ನೋದು ಎದುರುಬದುರಿನ ಬದಿಗಳು ಸಮ ಇದ್ದಾಗ ಮಾತ್ರ ನಿಜ. ಮೇಲೆ ಕಿರಿದು, ಕೆಳಗೆ ಅಗಲ, ಬುಟ್ಟಿಯ ಹಾಗಿದ್ದರೂ ಎರಡು ಕರ್ಣ ಸಮವೇ ಬರುತ್ತೆ. ಮೊದಲು ಬದಿ, ಆಮೇಲೆ ಕರ್ಣ.

ಮೂರನೇ ಜಿಗ್ಗಿಗೆ ಜಾಸ್ತಿ ಮಾತು ಬೇಡ. ಒಂದೇ ಅಗಲದ ಪಟ್ಟಿ ಹತ್ತು ಬೇಕಿದ್ದರೆ, ಪ್ರತಿ ಸಲ ಟೇಪ್ ಹಿಡಿದರೆ ಹತ್ತು ಅಗಲ ಬರುತ್ತೆ. ಬದಲಿಗೆ ಎರಡು ಕಡ್ಡಿ. ಕಡ್ಡಿಯ ತುದಿಗೆ ಒಂದು ಕೊಕ್ಕೆ ತುಂಡು, ಅದು ಹಲಗೆಯ ಅಂಚಿಗೆ ಸಿಕ್ಕಿಕೊಳ್ಳುತ್ತೆ, ಇನ್ನೊಂದು ತುದಿ ಹಳಿಯ ಹಿಂಬದಿಗೆ ತಾಗುತ್ತೆ. ನಿಮಗೆ ಬೇಕಾದ ಅಗಲದಲ್ಲಿ ಹಳಿಯ ಅಗಲ ಕಳೆದರೆ ಕಡ್ಡಿಯ ಉದ್ದ. ನಮ್ಮ ಹಳಿ ರಬ್ಬರ್ ಸೇರಿ 190, ವಾರ್ಡ್‌ರೋಬ್ ಬದಿ 560, ಕಡ್ಡಿ 370. ನಿಮ್ಮ ಹಳಿಯನ್ನ ನೀವೇ ಅಳೀರಿ. ಎರಡು ಕಡ್ಡಿಯನ್ನೂ ಒಂದರ ಮೇಲೊಂದು ಇಟ್ಟು ಒಂದೇ ಏಟಿಗೆ ಕುಯ್ಯಬೇಕು. ಆಗ 370 ಬದಲು 370.5 ಆದರೂ ಎರಡೂ ಅಷ್ಟೇ ಇರುತ್ತೆ, ಹಲಗೆ ಸೊಟ್ಟ ಆಗಲ್ಲ.

ಕಡ್ಡಿ ಲೆಕ್ಕದ ಜೊತೆ ಬ್ಲೇಡ್ ತಿನ್ನೋದನ್ನೂ ಲೆಕ್ಕ ಹಾಕಿ. ನಮ್ಮ ಬ್ಲೇಡ್ ಪ್ರತಿ ಕಟ್ಟಿಗೆ 2.2 ಮಿಮೀ ಪುಡಿ ಮಾಡುತ್ತೆ. 1220ನ್ನ ನಾಲ್ಕರಿಂದ ಭಾಗಿಸಿದರೆ 305, ನಾಲ್ಕು ಶೆಲ್ಫ್ ಬರುತ್ತೆ ಅಂತ ನನ್ನ ಎಕ್ಸೆಲ್ ಹೇಳಿತ್ತು. ಮೂರು ಕಟ್ಟಿಗೆ 6.6 ಮಿಮೀ ಹೋಗುತ್ತೆ, ಕೊನೇ ಶೆಲ್ಫ್ 298.4. ಆ ಮೂರು ಹಾಳಾದ ಶೀಟುಗಳಲ್ಲಿ ಒಂದು ನನ್ನ ಈ ಲೆಕ್ಕದ್ದು. ಮಾವನಿಗೆ ಇದು ಈಗಲೂ ಪೂರ್ತಿ ಗೊತ್ತಿಲ್ಲ. ಅವರು ಪಾಡ್‌ಕಾಸ್ಟ್ ಕೇಳಲ್ಲ.

ಜಿಗ್ ಯಾವ ಮರದಲ್ಲಿ ಮಾಡಬೇಕು? ಮಾಲೂರು ಕಡೆಯಿಂದ ಬರೋ ನೀಲಗಿರಿ ರೀಪರ್ ಅಂಗಡಿಯಲ್ಲಿ ಬಿದ್ದಿತ್ತು, ಪುಕ್ಕಟೆ ಸಿಗುತ್ತೆ ಅಂತ ಮೊದಲ ಫೆನ್ಸ್ ಅದರಲ್ಲೇ ಮಾಡಿದ್ದೆವು. ಹೊಸದಾಗಿ ನೀಲಗಿರಿ ನೆಡೋದನ್ನ 2017ರಲ್ಲಿ ಸರ್ಕಾರ ನಿಷೇಧಿಸಿದರೂ ನಮ್ಮ ಜಿಲ್ಲೆಯಲ್ಲಿ ಹಳೇ ತೋಪುಗಳು ಇನ್ನೂ ಕಾಣ್ತವೆ. ಗಟ್ಟಿ ಮರ, ಸುಳ್ಳಲ್ಲ. ಆದರೆ ಒಣಗ್ತಾ ತಿರುಚಿಕೊಳ್ಳುತ್ತೆ. ಒಂದು ವಾರಕ್ಕೆ ಫೆನ್ಸ್ ಬಿಲ್ಲಿನ ಹಾಗಾಯಿತು. ಜಿಗ್ಗಿಗೆ ಐಎಸ್ 710 ಗುರುತಿನ ಪ್ಲೈ ತುಂಡು ವಾಸಿ, ತೇವಕ್ಕೆ ಬೇಗ ಜಗ್ಗಲ್ಲ. ಮೂರು ಜಿಗ್ಗಿಗೂ ಸೇರಿ ನಮಗೆ ಕೈಯಿಂದ ಹೋದದ್ದು ಅಲ್ಯೂಮಿನಿಯಂ ಪಟ್ಟಿ, ಸ್ಕ್ರೂ ಮತ್ತು ಒಂದು ಡಿಜಿಟಲ್ ವರ್ನಿಯರ್ ದುಡ್ಡು. ಉಳಿದದ್ದೆಲ್ಲ ಆ ಮೂರು ಹಾಳಾದ ಶೀಟಿನಿಂದಲೇ ಬಂತು.

ಟ್ರ್ಯಾಕ್ ಸಾ ಇಲ್ಲ, ಸಾದಾ ಸರ್ಕ್ಯುಲರ್ ಸಾ ಇದೆ ಅನ್ನೋರಿಗೂ ದಾರಿ ಇದೆ. 6 ಮಿಮೀ ಪ್ಲೈ ಪಟ್ಟಿಯ ಮೇಲೆ ನೇರವಾದ ಇನ್ನೊಂದು ಪಟ್ಟಿ ಅಂಟಿಸಿ, ಅದಕ್ಕೆ ಒರಗಿಸಿ ನಿಮ್ಮ ಮಷಿನ್ ಒಮ್ಮೆ ಓಡಿಸಿ. ಕೆಳಗಿನ ಪ್ಲೈ ಎಲ್ಲಿ ಕುಯ್ದುಹೋಯಿತೋ ಅದೇ ನಿಮ್ಮ ಕಟ್ ಗೆರೆ, ರಬ್ಬರ್ ಪಟ್ಟಿಯ ಕೆಲಸ ಅದೇ ಮಾಡುತ್ತೆ. ಬಾಳೆಎಲೆ ಪರೀಕ್ಷೆ, ಐದು ಕಟ್ಟಿನ ಪರೀಕ್ಷೆ ಅದಕ್ಕೂ ಹಾಗೇ ನಡೆಯುತ್ತೆ.

ಆದರೆ ಮಾರ್ಬಲ್ ಕಟ್ಟರ್‌ಗೆ ಮರದ ಬ್ಲೇಡ್ ಹಾಕಿ ಪ್ಲೈ ಕುಯ್ಯೋದು ನಮ್ಮ ಸೈಟುಗಳಲ್ಲಿ ಎಲ್ಲೆಲ್ಲೂ ಕಾಣುತ್ತಲ್ಲ, ಅದಕ್ಕೆ ನಾನು ಜಿಗ್ ಹೇಳಿಕೊಡಲ್ಲ. ಆ ಮಷಿನ್ 12,000 ಸುತ್ತಿನ ಆಚೆ ತಿರುಗುತ್ತೆ, ಟ್ರ್ಯಾಕ್ ಸಾ ಐದು ಸಾವಿರದ ಆಸುಪಾಸು. ಹಲಗೆ ಬ್ಲೇಡನ್ನ ಕಚ್ಚಿದರೆ ಮಷಿನ್ ಹಿಂದಕ್ಕೆ ಎಗರುತ್ತೆ, ಮುಚ್ಚಿಕೊಳ್ಳೋ ಗಾರ್ಡ್ ಅದರಲ್ಲಿ ಇರಲ್ಲ. ಬೆರಳು ಕಳಕೊಂಡವರು ಎಲ್ಲ ಊರಲ್ಲೂ ಇದ್ದಾರೆ, ಅವರನ್ನೇ ಕೇಳಿ. ಯಾವ ಮಷಿನ್ ಆದರೂ ಬ್ಲೇಡಿನ ಮೇಲೆ ಬರೆದ ಗರಿಷ್ಠ ಆರ್‌ಪಿಎಂ ಮಷಿನ್ನಿನದಕ್ಕಿಂತ ಜಾಸ್ತಿ ಇರಬೇಕು. ಶೀಟಿನ ಕೆಳಗೆ ಪೂರ್ತಿ ದಪ್ಪ ಥರ್ಮಾಕೋಲ್ ಹಾಸಿ, ಕುಯ್ದ ತುಂಡು ಜೋತುಬಿದ್ದು ಬ್ಲೇಡ್ ಹಿಡಿಯಲ್ಲ.

ಶ್ರೀನಿವಾಸಪುರದ ಬಾಗಿಲು ಎರಡನ್ನೂ ಹೊಸದಾಗಿ ಕುಯ್ದು ಹಾಕಿದೆವು. ಸಂದು ಮೇಲಿಂದ ಕೆಳಗಿನ ತನಕ ಮೂರು ಮಿಮೀ. ಪೆಟ್ಟಿಗೆ ನೆಟ್ಟಗೆ ನಿಂತಿತು, ಈಗ ಗೋಡೆ ವಾಲಿರೋದು ಕಾಣಿಸೋಕೆ ಶುರುವಾಯಿತು. ಇಟ್ಟಿಗೆ ಗೋಡೆಯ ಮೂಲೆ 90 ಇರಬೇಕು ಅಂತ ಯಾವ ಕಾನೂನೂ ಇಲ್ಲ. ಪಕ್ಕದಲ್ಲಿ ಒಂದು ಪಟ್ಟಿಯನ್ನ ಗೋಡೆಯ ಸೊಟ್ಟಕ್ಕೆ ತಕ್ಕ ಹಾಗೆ ಕೈಯಲ್ಲೇ ಉಜ್ಜಿ ಕೂರಿಸಿ ಮುಚ್ಚಿದರು ಮಾವ. ಅದಕ್ಕೆ ಜಿಗ್ ಇಲ್ಲ.

ಮೂಲೆ ಜಿಗ್ ಮೇಲೆ ಮಾವ ಸ್ಕೆಚ್ ಪೆನ್ನಲ್ಲಿ ಪರೀಕ್ಷೆ ಮಾಡಿದ ತಾರೀಖು ಬರೆದು ಮೊಳೆಗೆ ನೇತುಹಾಕಿದ್ದಾರೆ. ಹೋದ ತಿಂಗಳು ಹುಡುಗ ಅದನ್ನ ಕೆಳಗೆ ಬೀಳಿಸಿದ. ಐದು ಕಟ್ ಮತ್ತೆ ಮಾಡಿದಾಗ ವ್ಯತ್ಯಾಸ 0.9 ಬಂತು. ಮಾವ ಹಳೇ ತಾರೀಖು ಹೊಡೆದುಹಾಕಿ, ಸ್ಕ್ರೂ ಬಿಚ್ಚಿ, ನನಗೆ ಫೋನ್ ಮಾಡಿದರು: "ಲೋ, ಬರೋವಾಗ ನಾಲ್ಕು ಜೆರಾಕ್ಸ್ ಹಾಳೆ ತಗೊಂಡು ಬಾ."